ಸರ್ಕಾರಿ ಹಣದ ಕ್ಯಾನ್ಸರ್ ಚಿಕಿತ್ಸೆಗೆ ಒಂದೇ ಕಂಪನಿಯ ಹಕ್ಕು: ಅಮೆರಿಕದಲ್ಲಿ ಏಕಸ್ವಾಮ್ಯ ಪರವಾನಗಿಗೆ ಆಕ್ಷೇಪಣೆ ಸಲ್ಲಿಸುವ ಸಮಗ್ರ ಮಾರ್ಗದರ್ಶಿ

ಅಮೆರಿಕದ ಕೇಂದ್ರ ಸರ್ಕಾರದ ಗೆಜೆಟ್ ಆದ ಫೆಡರಲ್ ರಿಜಿಸ್ಟರ್‌ನಲ್ಲಿ ಆಗಾಗ ಒಂದು ಚಿಕ್ಕ ಪ್ರಕಟಣೆ ಬರುತ್ತದೆ. ಇಂಥ ಆವಿಷ್ಕಾರದ ಪೇಟೆಂಟುಗಳನ್ನು ಇಂಥ ಕಂಪನಿಗೆ, ಇಂಥ ಕ್ಯಾನ್ಸರ್‌ನ ಚಿಕಿತ್ಸೆಗಾಗಿ, ಏಕಸ್ವಾಮ್ಯದ ಪರವಾನಗಿಯಾಗಿ ಕೊಡಲು ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ, ಅಂದರೆ ಎನ್‌ಸಿಐ, ಆಲೋಚಿಸುತ್ತಿದೆ; ಆಕ್ಷೇಪಣೆ ಇದ್ದವರು ಹದಿನೈದು ದಿನಗಳೊಳಗೆ ತಿಳಿಸಬಹುದು ಎಂಬುದು ಅದರ ತಿರುಳು. ಆ ಅವಧಿಯಲ್ಲಿ ಯಾರೂ ಬಾಯಿ ತೆರೆಯದೆ ಹೋದರೆ, ತೆರಿಗೆಯ ಹಣದಲ್ಲಿ ಸರ್ಕಾರಿ ಪ್ರಯೋಗಾಲಯದ ವಿಜ್ಞಾನಿಗಳು ಕಂಡುಹಿಡಿದ ಚಿಕಿತ್ಸೆಯ ಮೇಲಿನ ಹಕ್ಕು ಪೇಟೆಂಟಿನ ಅವಧಿ ಮುಗಿಯುವವರೆಗೂ ಒಂದೇ ಕೈಯಲ್ಲಿ ಉಳಿಯಬಹುದು.

ಈ ಹದಿನೈದು ದಿನಗಳನ್ನು ಹೇಗೆ ಬಳಸಬೇಕು ಎಂಬುದೇ ಈ ಬರಹದ ವಿಷಯ. ಔಷಧ ದುಬಾರಿಯಾಗುತ್ತದೆ ಎಂಬ ಸಾಮಾನ್ಯ ಅಳಲನ್ನಷ್ಟೇ ತೋಡಿಕೊಂಡ ಆಕ್ಷೇಪಣೆಯನ್ನು ಪರವಾನಗಿ ಕೊಡುವ ಇಲಾಖೆ ಒಂದು ಸಾಲಿನ ಉತ್ತರದಲ್ಲಿ ಬದಿಗಿಡಬಲ್ಲದು. ಕಾನೂನು ಇಲಾಖೆಗೆ ವಿಧಿಸಿರುವ ಪರೀಕ್ಷೆಯೇ ಬೇರೆ: ಏಕಸ್ವಾಮ್ಯ ನಿಜವಾಗಿ ಬೇಕೇ, ಬೇಕಿದ್ದರೆ ಎಷ್ಟು ಬೇಕು? ಆಕ್ಷೇಪಣೆ ಆ ಪ್ರಶ್ನೆಗೆ ನೇರವಾಗಿ, ಪುರಾವೆ ಸಮೇತ ನಿಂತಾಗ ಮಾತ್ರ ಅದಕ್ಕೆ ತೂಕ ಬರುತ್ತದೆ.

ಪೇಟೆಂಟ್ ಯಾರ ಹೆಸರಿನಲ್ಲಿದೆ?

ಎಲ್ಲಕ್ಕಿಂತ ಮೊದಲು ಇದನ್ನು ಇತ್ಯರ್ಥ ಮಾಡಿಕೊಳ್ಳಿ, ಏಕೆಂದರೆ ಮುಂದಿನ ದಾರಿಯೆಲ್ಲ ಇದರ ಮೇಲೆ ನಿಂತಿದೆ. 1980ರ ಬೇ-ಡೋಲ್ ಕಾಯ್ದೆಯ ಅಡಿಯಲ್ಲಿ ಸರ್ಕಾರಿ ಹಣದ ಆವಿಷ್ಕಾರಗಳು ಎರಡು ಬಗೆ. ಮೊದಲನೆಯದು ಸರ್ಕಾರದ್ದೇ ಪ್ರಯೋಗಾಲಯದಲ್ಲಿ ಹುಟ್ಟಿ ಸರ್ಕಾರದ ಒಡೆತನದಲ್ಲೇ ಇರುವಂಥದ್ದು. ಎರಡನೆಯದು ಸರ್ಕಾರದ ಅನುದಾನ ಪಡೆದ ವಿಶ್ವವಿದ್ಯಾಲಯವೋ ಕಂಪನಿಯೋ ತನ್ನ ಹೆಸರಿನಲ್ಲಿ ಇಟ್ಟುಕೊಂಡಂಥದ್ದು. ಸಾರ್ವಜನಿಕ ಪ್ರಕಟಣೆ, ಆಕ್ಷೇಪಣೆಯ ಅವಧಿ, ಏಕಸ್ವಾಮ್ಯದ ಅಗತ್ಯವನ್ನು ಸಾಬೀತುಪಡಿಸುವ ಹೊಣೆ, ಇವೆಲ್ಲ ಮೊದಲ ಬಗೆಗೆ ಮಾತ್ರ ಅನ್ವಯಿಸುತ್ತವೆ. ಪೇಟೆಂಟ್ ಕಾನೂನಿನ, ಅಂದರೆ ಅಮೆರಿಕದ ಕಾನೂನು ಸಂಹಿತೆಯ 35ನೇ ಶೀರ್ಷಿಕೆಯ, 209ನೇ ಸೆಕ್ಷನ್ ಇದರ ಮೂಲ.

ಎರಡನೆಯ ಬಗೆಯಲ್ಲಿ ಪರವಾನಗಿ ಯಾರಿಗೆ ಹೋಯಿತು ಎಂಬುದು ಹೊರಗಿನವರಿಗೆ ಮೊದಲೇ ತಿಳಿಯುವುದಿಲ್ಲ. ಅಲ್ಲಿ ಉಳಿಯುವ ಮುಖ್ಯ ಅಸ್ತ್ರ 203ನೇ ಸೆಕ್ಷನ್ ಹೇಳುವ ಮಾರ್ಚ್-ಇನ್ ಅಧಿಕಾರ, ಅಂದರೆ ಬೇರೆಯವರಿಗೂ ಪರವಾನಗಿ ಕೊಡುವಂತೆ ಸರ್ಕಾರ ಒತ್ತಾಯಿಸುವ ಅಧಿಕಾರ. ಕಾಯ್ದೆ ಬಂದು ನಾಲ್ಕು ದಶಕ ಕಳೆದರೂ ಎನ್‌ಸಿಐ ಅನ್ನು ಒಳಗೊಂಡ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅಂದರೆ ಎನ್‌ಐಎಚ್, ತನ್ನ ಮುಂದೆ ಬಂದ ಅಂಥ ಒಂದು ಮನವಿಯನ್ನೂ ಪುರಸ್ಕರಿಸಿಲ್ಲ. ಪ್ರಾಸ್ಟೇಟ್ ಕ್ಯಾನ್ಸರ್‌ನ ಎಕ್ಸ್‌ಟಾಂಡಿ ಮಾತ್ರೆ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಎನ್‌ಐಎಚ್ ಮತ್ತು ಸೇನೆಯ ಅನುದಾನದ ನೆರವಿನಿಂದ ಹುಟ್ಟಿದ್ದು. ಅದರ ಬೆಲೆಯನ್ನು ಮುಂದಿಟ್ಟು 2016ರಲ್ಲಿ ಸಲ್ಲಿಸಿದ ಮನವಿಯೂ ತಿರಸ್ಕೃತವಾಯಿತು, ರೋಗಿಗಳೇ 2021ರಲ್ಲಿ ಸಲ್ಲಿಸಿದ ಮನವಿಯೂ 2023ರ ಮಾರ್ಚ್‌ನಲ್ಲಿ ತಿರಸ್ಕೃತವಾಯಿತು. ಔಷಧ ರೋಗಿಗಳಿಗೆ ವ್ಯಾಪಕವಾಗಿ ಸಿಗುತ್ತಿದೆ ಎಂಬುದು ಎನ್‌ಐಎಚ್ ಕೊಟ್ಟ ಕಾರಣಗಳಲ್ಲಿ ಒಂದು. ಪರವಾನಗಿ ಕೈಬಿಟ್ಟು ಹೋದ ಮೇಲೆ ಅದನ್ನು ಹಿಡಿದೆಳೆಯುವುದು ಎಷ್ಟು ಕಷ್ಟ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಆದ್ದರಿಂದಲೇ ಪರವಾನಗಿ ಕೊಡುವ ಮುಂಚಿನ ಆ ಹದಿನೈದು ದಿನಗಳು ಅಮೂಲ್ಯ.

ಪೇಟೆಂಟ್ ದಾಖಲೆಯನ್ನು ತೆರೆದು ಹಕ್ಕುದಾರರ ಹೆಸರು ನೋಡಿ. ಅಲ್ಲಿ ಆರೋಗ್ಯ ಮತ್ತು ಮಾನವ ಸೇವೆಗಳ ಇಲಾಖೆಯ ಕಾರ್ಯದರ್ಶಿಯ ಮೂಲಕ ಅಮೆರಿಕ ಸಂಯುಕ್ತ ಸಂಸ್ಥಾನ ಎಂದಿದ್ದರೆ ಅದು ಮೊದಲ ಬಗೆ. ವಿಶ್ವವಿದ್ಯಾಲಯದ ಹೆಸರಿದ್ದು, ಒಳಗೆ ಸರ್ಕಾರಕ್ಕೆ ಈ ಆವಿಷ್ಕಾರದಲ್ಲಿ ಕೆಲವು ಹಕ್ಕುಗಳಿವೆ ಎಂಬ ವಾಕ್ಯವಿದ್ದರೆ ಎರಡನೆಯದು. ಒಂದು ಅಪವಾದವೂ ಇದೆ. ಸರ್ಕಾರಿ ಪ್ರಯೋಗಾಲಯ ಮತ್ತು ಕಂಪನಿ ಜಂಟಿ ಸಂಶೋಧನೆಯ ಒಪ್ಪಂದ ಮಾಡಿಕೊಂಡು, ಆ ಕೆಲಸದಿಂದ ಹುಟ್ಟಿದ ಆವಿಷ್ಕಾರವನ್ನು ಅದೇ ಕಂಪನಿಗೆ ಕೊಡುವಾಗ 209ನೇ ಸೆಕ್ಷನ್ನಿನ ಪ್ರಕಟಣೆಯ ನಿಯಮ ಅನ್ವಯಿಸುವುದಿಲ್ಲ.

ಪ್ರಕಟಣೆಯನ್ನು ಹುಡುಕಿ, ಸಾಲುಸಾಲಾಗಿ ಓದಿ

ಫೆಡರಲ್ ರಿಜಿಸ್ಟರ್‌ನ ಜಾಲತಾಣದಲ್ಲಿ 'ಪ್ರಾಸ್ಪೆಕ್ಟಿವ್ ಗ್ರ್ಯಾಂಟ್ ಆಫ್ ಎಕ್ಸ್‌ಕ್ಲೂಸಿವ್ ಪೇಟೆಂಟ್ ಲೈಸೆನ್ಸ್' ಎಂಬ ಪದಗುಚ್ಛವನ್ನು ಇಂಗ್ಲಿಷಿನಲ್ಲಿ ಹುಡುಕಿ, ಆ ಹುಡುಕಾಟಕ್ಕೆ ಇಮೇಲ್ ಸೂಚನೆ ಬರುವಂತೆ ಚಂದಾದಾರರಾಗಿ. ಮೂರು ದಿನ ತಡವಾಗಿ ತಿಳಿದರೆ ಸಿಗುವ ಕಾಲದ ಐದನೇ ಒಂದು ಭಾಗ ಕೈತಪ್ಪಿದಂತೆ.

ಪ್ರಕಟಣೆಯಲ್ಲಿ ಮುಖ್ಯವಾಗಿ ಐದು ಸಂಗತಿ ಇರುತ್ತವೆ: ಪೇಟೆಂಟುಗಳ ಪಟ್ಟಿ, ಪರವಾನಗಿ ಪಡೆಯಲಿರುವ ಕಂಪನಿ ಮತ್ತು ಅದರ ಊರು, ಹಕ್ಕು ಅನ್ವಯಿಸುವ ಪ್ರದೇಶ, ಬಳಕೆಯ ಕ್ಷೇತ್ರ, ಕೊನೆಯ ದಿನಾಂಕ. ಇವುಗಳಲ್ಲಿ ಬಳಕೆಯ ಕ್ಷೇತ್ರದ ಮೇಲೆ ಹೆಚ್ಚು ಹೊತ್ತು ಕಳೆಯಿರಿ. ರೋಗಿಯದೇ ಟಿ ಕೋಶಗಳನ್ನು, ಅಂದರೆ ರೋಗನಿರೋಧಕ ಕೋಶಗಳನ್ನು, ಮಾರ್ಪಡಿಸಿ, ಕ್ಯಾನ್ಸರ್ ಕೋಶದ ಮೇಲಿನ ಗುರುತಾದ ಇಂಥದೇ ಪ್ರತಿಜನಕವನ್ನು ಗುರಿಯಾಗಿಸಿ, ಇಂಥದೇ ರಕ್ತದ ಕ್ಯಾನ್ಸರ್‌ಗೆ ಕೊಡುವ ಚಿಕಿತ್ಸೆ ಎಂದು ಬರೆದಿದ್ದರೆ ಕ್ಷೇತ್ರ ಕಿರಿದು. ಮನುಷ್ಯರ ಎಲ್ಲ ಕ್ಯಾನ್ಸರ್‌ಗಳ ಚಿಕಿತ್ಸೆ ಎಂದು ಬರೆದಿದ್ದರೆ, ಕಂಪನಿ ಎಂದೂ ಕೈಹಾಕದ ಕ್ಯಾನ್ಸರ್‌ಗಳಿಗೂ ಬೇಲಿ ಬೀಳುತ್ತದೆ. ಪ್ರದೇಶದ ಜಾಗದಲ್ಲಿ 'ವಿಶ್ವಾದ್ಯಂತ' ಎಂಬ ಒಂದೇ ಪದವಿದ್ದರೆ, ಪೇಟೆಂಟ್ ಇರುವ ಪ್ರತಿಯೊಂದು ದೇಶದ ರೋಗಿಗೂ ಅದು ತಾಗುತ್ತದೆ. ಆಕ್ಷೇಪಣೆ ಸಲ್ಲಿಸುವವರು ಅಮೆರಿಕದ ಪೌರರೇ ಆಗಿರಬೇಕು ಎಂಬ ಷರತ್ತು ನಿಯಮದ ಪಠ್ಯದಲ್ಲಿ ಇಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಪೇಟೆಂಟ್ ಪಟ್ಟಿಯ ಪಕ್ಕದಲ್ಲಿ 'ಇ' ಅಕ್ಷರದಿಂದ ಆರಂಭವಾಗುವ ಎನ್‌ಐಎಚ್‌ನ ಆಂತರಿಕ ಸಂಖ್ಯೆ ಇರುತ್ತದೆ. ಅದೇ ಸಂಖ್ಯೆಯನ್ನು ಹಳೆಯ ಪ್ರಕಟಣೆಗಳಲ್ಲಿ ಹುಡುಕಿ. ಅದೇ ಆವಿಷ್ಕಾರವನ್ನು ಹಿಂದೆ ಬೇರೊಂದು ಕಂಪನಿಗೆ ಕೊಡಲು ಹೊರಟಿದ್ದರೆ, ಅಥವಾ ಒಂದೇ ಕಂಪನಿ ಹತ್ತಿರ ಹತ್ತಿರದ ಹಲವು ತಂತ್ರಜ್ಞಾನಗಳನ್ನು ಒಂದೊಂದಾಗಿ ಕೂಡಿಸಿಕೊಳ್ಳುತ್ತಿದ್ದರೆ, ಅದು ನಿಮ್ಮ ವಾದಕ್ಕೆ ಆಧಾರವಾಗುತ್ತದೆ.

ಮೊದಲ ದಿನವೇ ಎರಡು ಪತ್ರ

ಒಂದನ್ನು ಪ್ರಕಟಣೆಯಲ್ಲಿ ಹೆಸರಿಸಿದ ಸಂಪರ್ಕಾಧಿಕಾರಿಗೆ ಬರೆಯಿರಿ. ಈ ಆವಿಷ್ಕಾರಕ್ಕೆ ಈವರೆಗೆ ಸರ್ಕಾರ ಎಷ್ಟು ಖರ್ಚು ಮಾಡಿದೆ, ಏಕಸ್ವಾಮ್ಯವಿಲ್ಲದ ಪರವಾನಗಿಯನ್ನು ಯಾರಾದರೂ ಕೇಳಿದ್ದರೇ, ಏಕಸ್ವಾಮ್ಯ ಎಷ್ಟು ವರ್ಷದ್ದು, ಅದು ಅಗತ್ಯ ಎಂಬ ತೀರ್ಮಾನಕ್ಕೆ ಇಲಾಖೆ ಹೇಗೆ ಬಂತು ಅಥವಾ ಇನ್ನೂ ಬಂದಿಲ್ಲವೇ, ಸ್ಪರ್ಧೆಯ ಮೇಲಿನ ಪರಿಣಾಮದ ಬಗ್ಗೆ ಅಟಾರ್ನಿ ಜನರಲ್ ಅವರ ಸಲಹೆ ಪಡೆಯಲಾಗಿದೆಯೇ, ಇಷ್ಟನ್ನು ನೇರವಾಗಿ ಕೇಳಿ. ಕೆಲವು ಪ್ರಶ್ನೆಗಳಿಗೆ ಉತ್ತರ ಬಾರದಿರಬಹುದು. ಬಾರದ ಉತ್ತರವೂ ದಾಖಲೆಯೇ. ಕೇಳಿದ ದಿನಾಂಕ ಸಮೇತ ಅದನ್ನು ಆಕ್ಷೇಪಣೆಯಲ್ಲಿ ನಮೂದಿಸಿ. ಪತ್ರದ ಕೊನೆಯಲ್ಲಿ ಅವಧಿ ವಿಸ್ತರಣೆಯನ್ನೂ ಕೋರಿ, ಏಕೆಂದರೆ ಕಾನೂನು ಹೇಳುವ ಹದಿನೈದು ದಿನ ಕನಿಷ್ಠ ಮಿತಿಯೇ ಹೊರತು ಗರಿಷ್ಠವಲ್ಲ.

ಇನ್ನೊಂದು ಪತ್ರ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯ ಅಡಿಯ ಅರ್ಜಿ. ಅದಕ್ಕೆ ಉತ್ತರಿಸಲು ಇಲಾಖೆಗೆ ಇರುವ ಕಾಲ 20 ಕೆಲಸದ ದಿನಗಳು, ಆದ್ದರಿಂದ ಗಡುವಿನೊಳಗೆ ಉತ್ತರ ಬರುವುದು ಅಪರೂಪ. ಆದರೂ ಹಾಕಲೇಬೇಕು, ಮೇಲ್ಮನವಿಯ ಹಂತದಲ್ಲಿ ಆ ಕಾಗದಗಳು ಬೇಕಾಗುತ್ತವೆ. ಕಂಪನಿ ಸಲ್ಲಿಸಿದ ಅಭಿವೃದ್ಧಿ ಯೋಜನೆಯನ್ನು 209ನೇ ಸೆಕ್ಷನ್ನೇ ಗೋಪ್ಯ ವಾಣಿಜ್ಯ ಮಾಹಿತಿ ಎಂದು ಪರಿಗಣಿಸುತ್ತದೆ. 2019ರ ಆರ್ಗಸ್ ಲೀಡರ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಂಥ ಗೋಪ್ಯತೆಯ ವ್ಯಾಪ್ತಿ ಇನ್ನೂ ಹಿಗ್ಗಿದೆ. ಹಾಗಾಗಿ ಕಂಪನಿಯ ಯೋಜನೆಯ ಬೆನ್ನು ಹತ್ತುವುದಕ್ಕಿಂತ, ಇಲಾಖೆಯದೇ ಖರ್ಚಿನ ವಿವರ, ತೀರ್ಮಾನದ ಟಿಪ್ಪಣಿ ಮತ್ತು ಬಂದ ಅರ್ಜಿಗಳ ಸಂಖ್ಯೆಯನ್ನು ಕೇಳುವುದು ಹೆಚ್ಚು ಫಲಕಾರಿ.

ಪುರಾವೆ ಕೂಡಿಸುವ ವಾರ

ಕ್ಲಿನಿಕಲ್‌ಟ್ರಯಲ್ಸ್ ಜಾಲತಾಣದಲ್ಲಿ ಆ ಚಿಕಿತ್ಸೆಯ ಪ್ರಯೋಗಗಳನ್ನು ಹುಡುಕಿ. ಪ್ರಾಯೋಜಕರ ಜಾಗದಲ್ಲಿ ಎನ್‌ಸಿಐ ಹೆಸರಿದೆಯೇ, ಪ್ರಯೋಗ ಮೊದಲ ಹಂತದಲ್ಲಿದೆಯೇ ಎರಡನೆಯದರಲ್ಲಿದೆಯೇ, ಫಲಿತಾಂಶ ಪ್ರಕಟವಾಗಿದೆಯೇ ಎಂದು ಬರೆದುಕೊಳ್ಳಿ. ಇಡೀ ಕಡತದಲ್ಲಿ ಇದಕ್ಕಿಂತ ಬಲವಾದ ಪುರಾವೆ ಸಿಗುವುದು ಕಷ್ಟ. ಸರ್ಕಾರವೇ ರೋಗಿಗಳಲ್ಲಿ ಪರೀಕ್ಷಿಸಿ ಗಡ್ಡೆ ಕರಗುವುದನ್ನು ತೋರಿಸಿದ್ದರೆ, ಕಂಪನಿ ಹೊರಬೇಕಾದ ಅಪಾಯದ ದೊಡ್ಡ ಪಾಲನ್ನು ಸಾರ್ವಜನಿಕರು ಆಗಲೇ ಹೊತ್ತಾಗಿದೆ.

ಟಿ ಕೋಶಗಳನ್ನು ಮಾರ್ಪಡಿಸಿ ಕೊಡುವ ಕಾರ್-ಟಿ ಚಿಕಿತ್ಸೆಯ ಇತಿಹಾಸದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಸಿಡಿ19 ಪ್ರತಿಜನಕವನ್ನು ಗುರಿಯಾಗಿಸಿದ ಕಾರ್-ಟಿ ಕೋಶಗಳಿಂದ ಲಿಂಫೋಮಾ ಎಂಬ ರಕ್ತದ ಕ್ಯಾನ್ಸರ್ ಇಳಿಮುಖವಾದದ್ದನ್ನು ಎನ್‌ಸಿಐ ವೈದ್ಯರು 2010ರಲ್ಲೇ ಪ್ರಕಟಿಸಿದರು. ಕೈಟ್ ಫಾರ್ಮಾ ಕಂಪನಿ ಎನ್‌ಸಿಐ ಜತೆ ಜಂಟಿ ಸಂಶೋಧನೆಯ ಒಪ್ಪಂದಕ್ಕೆ ಬಂದದ್ದು 2012ರಲ್ಲಿ. 2017ರಲ್ಲಿ ಗಿಲಿಯಡ್ ಆ ಕಂಪನಿಯನ್ನು ಸುಮಾರು 1,190 ಕೋಟಿ ಡಾಲರ್‌ಗೆ ಕೊಂಡುಕೊಂಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಯೆಸ್ಕಾರ್ಟಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಚಿಕಿತ್ಸೆಯ ಘೋಷಿತ ಬೆಲೆ 3,73,000 ಡಾಲರ್.

ಅದಕ್ಕೂ ಹಿಂದಿನ, ಟ್ಯಾಕ್ಸಾಲ್ ಎಂಬ ಕ್ಯಾನ್ಸರ್ ಔಷಧದ ಕಥೆಗೆ ಸರ್ಕಾರದ್ದೇ ಲೆಕ್ಕವಿದೆ. ಅಮೆರಿಕ ಸಂಸತ್ತಿನ ಲೆಕ್ಕ ಪರಿಶೋಧನಾ ಕಚೇರಿ 2003ರಲ್ಲಿ ಕೊಟ್ಟ ವರದಿಯ ಪ್ರಕಾರ ಟ್ಯಾಕ್ಸಾಲ್ ಸಂಬಂಧಿ ಸಂಶೋಧನೆಗೆ 2002ರವರೆಗೆ ಎನ್‌ಐಎಚ್ ಮಾಡಿದ ಖರ್ಚು 48.4 ಕೋಟಿ ಡಾಲರ್. ಬ್ರಿಸ್ಟಲ್-ಮೈಯರ್ಸ್ ಸ್ಕ್ವಿಬ್ ಮಾರಾಟದಿಂದ ಪಡೆದದ್ದು ಸುಮಾರು 900 ಕೋಟಿ ಡಾಲರ್. ಎನ್‌ಐಎಚ್‌ಗೆ ಬಂದ ರಾಯಧನ 3.5 ಕೋಟಿ ಡಾಲರ್. ನಿಮ್ಮ ಆಕ್ಷೇಪಣೆಯಲ್ಲಿ ಹಿನ್ನೆಲೆಗಾಗಿ ಒಂದು ಪ್ಯಾರಾದಲ್ಲಿ ಇದನ್ನು ಬಳಸಬಹುದು. ಅದಕ್ಕಿಂತ ಹೆಚ್ಚು ಬೇಡ, ಏಕೆಂದರೆ ಇಲಾಖೆ ತೀರ್ಮಾನಿಸಬೇಕಾದದ್ದು ಈಗಿನ ಪೇಟೆಂಟಿನ ಬಗ್ಗೆ.

ಕಂಪನಿಯ ಕಡೆಗೂ ನೋಡಿ. ಷೇರುಪೇಟೆಯಲ್ಲಿರುವ ಕಂಪನಿಯಾದರೆ ಷೇರು ವಿನಿಮಯ ಆಯೋಗಕ್ಕೆ ಸಲ್ಲಿಸಿದ ದಾಖಲೆಗಳಲ್ಲಿ ಅದರ ಹಣಕಾಸು, ಉಳಿದ ಯೋಜನೆಗಳು, ಅದೇ ರೋಗಕ್ಕೆ ಅದರ ಬಳಿ ಈಗಾಗಲೇ ಇರುವ ಔಷಧಗಳು ಸಿಗುತ್ತವೆ. ಹೊಸ ಕಂಪನಿಯಾದರೆ ಯಾವಾಗ ನೋಂದಾಯಿತವಾಯಿತು, ಉತ್ಪಾದನೆಯ ಅನುಭವ ಯಾರಿಗಿದೆ ಎಂಬುದನ್ನು ಪರಿಶೀಲಿಸಿ. ಇಲ್ಲಿ ಒಂದು ಎಚ್ಚರ: ಸಣ್ಣ ಕಂಪನಿಗಳಿಗೆ ಕಾನೂನೇ ಆದ್ಯತೆ ಕೊಡುವುದರಿಂದ, ಕಂಪನಿ ಚಿಕ್ಕದು ಎಂಬುದಷ್ಟೇ ಆಕ್ಷೇಪಣೆಯಾಗದು. ಔಷಧವನ್ನು ರೋಗಿಯವರೆಗೆ ತಲುಪಿಸುವ ಸಾಮರ್ಥ್ಯದ ಕುರುಹೇ ಇಲ್ಲ ಎಂದು ತೋರಿಸಬಲ್ಲಿರಾದರೆ ಅದು ಆಕ್ಷೇಪಣೆ.

ಆಕ್ಷೇಪಣೆಯನ್ನು ಬರೆಯುವುದು

209ನೇ ಸೆಕ್ಷನ್ನಿನ ಮೊದಲ ಉಪವಿಭಾಗವನ್ನು ಮುಂದಿಟ್ಟುಕೊಂಡು, ಅದರ ಕ್ರಮದಲ್ಲೇ ಬರೆಯಿರಿ. ಅಲ್ಲಿನ ಷರತ್ತುಗಳ ಸಾರ ಹೀಗಿದೆ: ಬಂಡವಾಳ ಹರಿದುಬರಲು ಏಕಸ್ವಾಮ್ಯ ಸಮಂಜಸವೂ ಅಗತ್ಯವೂ ಆದ ಪ್ರೋತ್ಸಾಹವಾಗಿರಬೇಕು, ಪರವಾನಗಿಯಿಂದ ಸಾರ್ವಜನಿಕರಿಗೆ ಒಳಿತಾಗುತ್ತದೆ ಎಂದು ಇಲಾಖೆ ಕಂಡುಕೊಳ್ಳಬೇಕು, ಏಕಸ್ವಾಮ್ಯದ ವ್ಯಾಪ್ತಿ ಆ ಪ್ರೋತ್ಸಾಹಕ್ಕೆ ತಕ್ಕಷ್ಟೇ ಇರಬೇಕು, ಮೀರಬಾರದು, ಆವಿಷ್ಕಾರವನ್ನು ಸಮಂಜಸ ಕಾಲದಲ್ಲಿ ಬಳಕೆಗೆ ತರುವ ಬದ್ಧತೆಯನ್ನು ಅರ್ಜಿದಾರರು ಕೊಡಬೇಕು, ಸ್ಪರ್ಧೆ ಗಣನೀಯವಾಗಿ ಕುಗ್ಗಬಾರದು. ಈ ಪೈಕಿ ಅಗತ್ಯ ಮತ್ತು ವ್ಯಾಪ್ತಿಯ ಷರತ್ತುಗಳಿಗೆ ನಿಮ್ಮ ಪುಟಗಳ ಮುಕ್ಕಾಲು ಪಾಲನ್ನು ಮೀಸಲಿಡಿ.

ಅಗತ್ಯದ ಬಗ್ಗೆ ವಾದಿಸುವಾಗ, ಪೇಟೆಂಟ್ ಇಲ್ಲದೆಯೂ ಕಂಪನಿಗೆ ಸಿಗುವ ರಕ್ಷಣೆಗಳನ್ನು ಎಣಿಸಿ ತೋರಿಸಿ. ಜೈವಿಕ ಔಷಧವೊಂದಕ್ಕೆ, ಅಂದರೆ ಜೀವಕೋಶಗಳಂಥ ಜೈವಿಕ ಮೂಲದಿಂದ ತಯಾರಾದ ಔಷಧಕ್ಕೆ, ಅನುಮೋದನೆ ಸಿಕ್ಕ ದಿನದಿಂದ 12 ವರ್ಷ ಅದರ ನಕಲಿಗೆ ಆಹಾರ ಮತ್ತು ಔಷಧ ಆಡಳಿತ ಅನುಮೋದನೆ ಕೊಡುವಂತಿಲ್ಲ. ವಿರಳ ರೋಗದ ಔಷಧವೆಂದು ಮನ್ನಣೆ ಸಿಕ್ಕರೆ 7 ವರ್ಷದ ಮಾರುಕಟ್ಟೆ ರಕ್ಷಣೆಯೂ, ಅರ್ಹ ಕ್ಲಿನಿಕಲ್ ಪ್ರಯೋಗಗಳ ಖರ್ಚಿನ ಶೇ. 25ರಷ್ಟು ತೆರಿಗೆ ವಿನಾಯಿತಿಯೂ ಇದೆ. ಇದನ್ನು ಒಂದು ಕಾಲ್ಪನಿಕ ಲೆಕ್ಕದಲ್ಲಿ ಇಡೋಣ. ಪೇಟೆಂಟ್ ಅರ್ಜಿ 2020ರದ್ದಾದರೆ ಅದರ 20 ವರ್ಷ 2040ಕ್ಕೆ ಮುಗಿಯುತ್ತದೆ. ಚಿಕಿತ್ಸೆಗೆ 2030ರಲ್ಲಿ ಅನುಮೋದನೆ ಸಿಕ್ಕರೆ ಜೈವಿಕ ಔಷಧದ ರಕ್ಷಣೆ 2042ರವರೆಗೆ ಇರುತ್ತದೆ. ಪೇಟೆಂಟ್ ಅವಧಿಯ ವಿಸ್ತರಣೆ ಸಿಗುವ ಸಾಧ್ಯತೆಯನ್ನು ಬಿಟ್ಟರೆ, ಇಲ್ಲಿ ಪೇಟೆಂಟ್‌ಗಿಂತ ಆ ರಕ್ಷಣೆಯೇ ಹೆಚ್ಚು ಕಾಲ ಬಾಳುತ್ತದೆ. ಹಾಗಿರುವಾಗ ಪೇಟೆಂಟಿನ ಇಡೀ ಅವಧಿಗೆ ಏಕಸ್ವಾಮ್ಯ ಕೊಡುವುದು ಏಕೆ ಅಗತ್ಯ ಎಂದು ಇಲಾಖೆ ವಿವರಿಸಲಿ ಎಂಬುದು ನ್ಯಾಯವಾದ ಬೇಡಿಕೆ. ನಿಮ್ಮ ಪ್ರಕರಣದ ನಿಜವಾದ ದಿನಾಂಕಗಳನ್ನು ಹಾಕಿ ಈ ಲೆಕ್ಕವನ್ನು ಮಾಡಿ ತೋರಿಸಿ.

ಎದುರು ವಾದವನ್ನು ಮುಚ್ಚಿಡಬೇಡಿ. ಕ್ಯಾನ್ಸರ್ ಔಷಧಗಳಲ್ಲಿ ಬಹುಪಾಲು ಪ್ರಯೋಗದ ಹಂತದಲ್ಲೇ ಸೋಲುತ್ತವೆ, ಕೊನೆಯ ಹಂತದ ಪ್ರಯೋಗ ದುಬಾರಿ, ರಕ್ಷಣೆ ಇಲ್ಲದೆ ಯಾರೂ ಹಣ ಹಾಕರು ಎಂಬುದರಲ್ಲಿ ಹುರುಳಿದೆ. ಆದರೆ ಕೆಲವು ವರ್ಷದ ರಕ್ಷಣೆ ಸಾಕಾಗುವಲ್ಲಿ ಇಪ್ಪತ್ತು ವರ್ಷದ್ದನ್ನು, ಒಂದು ಕ್ಯಾನ್ಸರ್‌ಗೆ ಸಾಕಾಗುವಲ್ಲಿ ಎಲ್ಲ ಕ್ಯಾನ್ಸರ್‌ಗಳ ಹಕ್ಕನ್ನು ಕೊಡುವುದನ್ನು ಆ ವಾದ ಸಮರ್ಥಿಸುವುದಿಲ್ಲ. 'ಕೊಡಲೇಬೇಡಿ' ಎಂಬ ಒಂದೇ ಸಾಲಿನ ಬೇಡಿಕೆಗಿಂತ, 'ಕೊಡುವುದೇ ಆದರೆ ಈ ಷರತ್ತುಗಳೊಂದಿಗೆ ಕೊಡಿ' ಎಂಬ ಪರ್ಯಾಯ ಬೇಡಿಕೆ ಇರುವ ಆಕ್ಷೇಪಣೆಯನ್ನು ತಳ್ಳಿಹಾಕುವುದು ಕಷ್ಟ ಎಂದು ನನ್ನ ನಂಬಿಕೆ.

ಆ ಷರತ್ತುಗಳನ್ನು ಒಪ್ಪಂದದಲ್ಲಿ ನೇರವಾಗಿ ಸೇರಿಸಬಹುದಾದ ಭಾಷೆಯಲ್ಲಿ ಬರೆಯಿರಿ. ಅನುಮೋದನೆಯ ನಂತರ ಇಷ್ಟು ವರ್ಷಕ್ಕೆ ಅಥವಾ ಮಾರಾಟ ಇಷ್ಟು ಡಾಲರ್ ದಾಟಿದಾಗ, ಯಾವುದು ಮೊದಲೋ ಆಗ, ಏಕಸ್ವಾಮ್ಯ ಕೊನೆಗೊಳ್ಳಬೇಕು. ಅಮೆರಿಕದ ಬೆಲೆ ಇತರ ಶ್ರೀಮಂತ ದೇಶಗಳ ಮಧ್ಯಮ ಬೆಲೆಯನ್ನು ಮೀರಬಾರದು. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳು ಏಕಸ್ವಾಮ್ಯದ ಪ್ರದೇಶದ ಹೊರಗಿರಬೇಕು. ಪ್ರತಿಯೊಂದು ಪ್ರಯೋಗದ ಖರ್ಚನ್ನೂ ಸಿಕ್ಕ ಸರ್ಕಾರಿ ನೆರವನ್ನೂ ಕಂಪನಿ ವರ್ಷಕ್ಕೊಮ್ಮೆ ಬಹಿರಂಗಪಡಿಸಬೇಕು. ಕೊನೆಯದಕ್ಕೆ 2019ರಲ್ಲಿ ವಿಶ್ವ ಆರೋಗ್ಯ ಸಭೆ ಔಷಧ ಮಾರುಕಟ್ಟೆಯ ಪಾರದರ್ಶಕತೆಯ ಬಗ್ಗೆ ಕೈಗೊಂಡ ನಿರ್ಣಯವನ್ನು ಆಧಾರವಾಗಿ ಕೊಡಬಹುದು.

ಬೆಲೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಉತ್ತರಕ್ಕೆ ಮೊದಲೇ ಸಿದ್ಧರಾಗಿ. ಎನ್‌ಐಎಚ್ 1989ರಿಂದ 1995ರವರೆಗೆ ಸಮಂಜಸ ಬೆಲೆಯ ಷರತ್ತನ್ನು ತನ್ನ ಒಪ್ಪಂದಗಳಲ್ಲಿ ಇಟ್ಟಿತ್ತು, ಆಗಿನ ನಿರ್ದೇಶಕ ಹೆರಾಲ್ಡ್ ವಾರ್ಮಸ್ ಅವರ ಕಾಲದಲ್ಲಿ ತೆಗೆದುಹಾಕಿತು. ಅಂದರೆ ಇದು ಅಧಿಕಾರವಿಲ್ಲದ ಮಾತಲ್ಲ, ನೀತಿಯ ಆಯ್ಕೆ. ಜತೆಗೆ 201ನೇ ಸೆಕ್ಷನ್ 'ಪ್ರಾಯೋಗಿಕ ಬಳಕೆ' ಎಂಬುದಕ್ಕೆ ಕೊಡುವ ವ್ಯಾಖ್ಯೆಯಲ್ಲೇ, ಆವಿಷ್ಕಾರದ ಪ್ರಯೋಜನ ಸಾರ್ವಜನಿಕರಿಗೆ ಸಮಂಜಸ ಷರತ್ತುಗಳ ಮೇಲೆ ದೊರೆಯಬೇಕು ಎಂದಿದೆ. ಕೊಳ್ಳಲಾಗದ ಬೆಲೆ ಸಮಂಜಸ ಷರತ್ತು ಹೇಗಾದೀತು ಎಂದು ಅಲ್ಲಿಂದ ಪ್ರಶ್ನಿಸಿ. 2025ರ ಜನವರಿಯಲ್ಲಿ ಎನ್‌ಐಎಚ್ ತನ್ನದೇ ಪ್ರಯೋಗಾಲಯಗಳ ಆವಿಷ್ಕಾರಗಳಿಗೆ ಪರವಾನಗಿ ಪಡೆಯುವವರು ರೋಗಿಗಳಿಗೆ ಔಷಧ ತಲುಪುವ ಯೋಜನೆಯನ್ನು ಕೊಡಬೇಕೆಂಬ ನೀತಿಯನ್ನು ಪ್ರಕಟಿಸಿತು. ಬರೆಯುವ ದಿನ ಅದು ಯಾವ ಸ್ಥಿತಿಯಲ್ಲಿದೆ ಎಂದು ನೋಡಿಕೊಂಡು ಉಲ್ಲೇಖಿಸಿ.

ಸ್ಪರ್ಧೆಯ ವಿಷಯದಲ್ಲಿ ಇನ್ನೊಂದು ಕಾನೂನು ಬಳಕೆಗೆ ಬರುತ್ತದೆ. ಸರ್ಕಾರಿ ಆಸ್ತಿಯನ್ನು ಖಾಸಗಿಯವರಿಗೆ ವಿಲೇವಾರಿ ಮಾಡುವ ಮುನ್ನ ಅಟಾರ್ನಿ ಜನರಲ್ ಅವರ ಸಲಹೆ ಪಡೆಯಬೇಕೆಂದು 40ನೇ ಶೀರ್ಷಿಕೆಯ 559ನೇ ಸೆಕ್ಷನ್ ಹೇಳುತ್ತದೆ, ಅದು ಪೇಟೆಂಟುಗಳನ್ನೂ ಹೆಸರಿಸುತ್ತದೆ. ಏಕಸ್ವಾಮ್ಯ ಪರವಾನಗಿಯೂ ವಿಲೇವಾರಿಯೇ ಎಂಬುದು ವಾಷಿಂಗ್ಟನ್‌ನ ನಾಲೆಡ್ಜ್ ಇಕಾಲಜಿ ಇಂಟರ್‌ನ್ಯಾಷನಲ್ ಸಂಸ್ಥೆ ಮುಂದಿಟ್ಟಿರುವ ವಾದ. ಒಂದು ಪ್ಯಾರಾದಲ್ಲಿ ಅದನ್ನು ಎತ್ತಿಡಿ. ಆಕ್ಷೇಪಣೆಯಲ್ಲಿ ಎತ್ತದ ವಿಷಯವನ್ನು ಮುಂದೆ ಎತ್ತುವುದು ಕಷ್ಟ.

ಸಲ್ಲಿಸುವಾಗ

ಕೊನೆಯ ದಿನಕ್ಕೆ ಕಾಯದೆ, ಪ್ರಕಟಣೆಯಲ್ಲಿ ಕೊಟ್ಟ ವಿಳಾಸಕ್ಕೆ ಕಳಿಸಿ ಸ್ವೀಕೃತಿ ಪಡೆಯಿರಿ. ಪರವಾನಗಿ ಅರ್ಜಿಯ ರೂಪದಲ್ಲಿಲ್ಲದ ಆಕ್ಷೇಪಣೆಗಳನ್ನು ಗೋಪ್ಯವಾಗಿ ಇಡುವುದಿಲ್ಲವೆಂದು ಎನ್‌ಐಎಚ್ ಪ್ರಕಟಣೆಗಳು ಹೇಳುತ್ತವೆ, ಆದ್ದರಿಂದ ರೋಗಿಯ ಖಾಸಗಿ ವೈದ್ಯಕೀಯ ವಿವರಗಳನ್ನು ಅದರಲ್ಲಿ ಸೇರಿಸಬೇಡಿ. ಹಲವು ಸಂಘಟನೆಗಳು ಕೂಡಿ ಸಹಿ ಹಾಕುವುದು ಒಳ್ಳೆಯದೇ, ಆದರೆ ಅದೇ ರೋಗದಿಂದ ಬಳಲುತ್ತಿರುವ, ಆ ಚಿಕಿತ್ಸೆ ತನಗೇ ಬೇಕಾಗಬಹುದಾದ ವ್ಯಕ್ತಿಯೊಬ್ಬರು ತಮ್ಮ ಹೆಸರಿನಲ್ಲೇ ಪ್ರತ್ಯೇಕ ಆಕ್ಷೇಪಣೆ ಸಲ್ಲಿಸಲು ಸಿದ್ಧರಿದ್ದರೆ ಅದರ ಬೆಲೆಯೇ ಬೇರೆ. ಕಾರಣ ಮುಂದಿನ ಹಂತದಲ್ಲಿದೆ.

ಉತ್ತರ ಬಂದ ಮೇಲೆ

ಕೇಂದ್ರ ನಿಯಮಾವಳಿಯ 37ನೇ ಶೀರ್ಷಿಕೆಯ 404.11ನೇ ನಿಯಮದ ಪ್ರಕಾರ, ಗಡುವಿನೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಿ, ಇಲಾಖೆಯ ಕ್ರಮದಿಂದ ತನಗೆ ಹಾನಿಯಾಗಬಹುದು ಎಂದು ಇಲಾಖೆಗೆ ಮನವರಿಕೆ ಮಾಡಿಕೊಡಬಲ್ಲ ವ್ಯಕ್ತಿಗೆ ಮೇಲ್ಮನವಿಯ ಹಕ್ಕಿದೆ. ಸಾರ್ವಜನಿಕ ಹಿತದ ಸಂಘಟನೆಗಳಿಗೆ ತೊಡಕಾಗುವುದು ಈ 'ಹಾನಿ' ಎಂಬ ಪದವೇ. ನ್ಯಾಯಾಲಯದ ಬಾಗಿಲಲ್ಲೂ ಅದೇ ತೊಡಕು. ಸಿಡಿ30 ಗುರಿಯ ಕಾರ್-ಟಿ ಪೇಟೆಂಟುಗಳನ್ನು ಕೈಟ್ ಕಂಪನಿಗೆ ಕೊಡುವುದನ್ನು ಪ್ರಶ್ನಿಸಿ ನಾಲೆಡ್ಜ್ ಇಕಾಲಜಿ ಇಂಟರ್‌ನ್ಯಾಷನಲ್ 2018ರಲ್ಲಿ ಮೇರಿಲ್ಯಾಂಡ್‌ನ ಫೆಡರಲ್ ನ್ಯಾಯಾಲಯದಲ್ಲಿ ಹೂಡಿದ ದಾವೆಯನ್ನು, ದಾವೆ ಹೂಡುವ ಅರ್ಹತೆ ಸಾಬೀತಾಗಿಲ್ಲವೆಂಬ ಕಾರಣಕ್ಕೆ 2019ರ ಏಪ್ರಿಲ್‌ನಲ್ಲಿ ವಜಾ ಮಾಡಲಾಯಿತು. ಮುಂದೊಂದು ದಿನ ಬೆಲೆ ಹೆಚ್ಚಾಗಬಹುದು ಎಂಬ ಊಹೆ ಸಾಲದು. ಯಾರಿಗೆ, ಯಾವ ಹಾನಿ, ಈ ಪರವಾನಗಿಯಿಂದ ಹೇಗೆ, ಆಕ್ಷೇಪಣೆ ಗೆದ್ದರೆ ಅದು ಹೇಗೆ ತಪ್ಪುತ್ತದೆ ಎಂಬ ಕೊಂಡಿಗಳೆಲ್ಲ ಬಿಗಿಯಾಗಿರಬೇಕು. ಈ ಹಂತಕ್ಕೆ ಕಾಲಿಡುವವರು ಆಡಳಿತ ಕಾನೂನು ಬಲ್ಲ ವಕೀಲರನ್ನು ಜತೆಗಿಟ್ಟುಕೊಳ್ಳಲೇಬೇಕು.

ಪರವಾನಗಿಗೆ ಸಹಿ ಬಿದ್ದರೂ ಕಡತ ಮುಚ್ಚಬೇಡಿ. ಒಪ್ಪಂದದ ಪ್ರತಿಯನ್ನು ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಕೇಳಿ. ಹಲವು ಸಾಲುಗಳಿಗೆ ಕಪ್ಪು ಬಳಿದೇ ಬರಬಹುದು, ಆದರೆ ಬಳಕೆಯ ಕ್ಷೇತ್ರ ಪ್ರಕಟಣೆಯಲ್ಲಿದ್ದದ್ದಕ್ಕಿಂತ ಕಿರಿದಾಗಿದೆಯೇ ಎಂದು ತಿಳಿಯಲು ಅಷ್ಟು ಸಾಕಾಗಬಹುದು. ಕಂಪನಿ ಪ್ರಯೋಗ ಆರಂಭಿಸಿತೇ, ಎಲ್ಲಿಗೆ ತಲುಪಿತು ಎಂಬುದನ್ನು ವರ್ಷಕ್ಕೊಮ್ಮೆ ನೋಡಿ ಬರೆದಿಟ್ಟುಕೊಳ್ಳಿ. ಆವಿಷ್ಕಾರವನ್ನು ಬಳಕೆಗೆ ತರುವ ಬದ್ಧತೆಯನ್ನು ಪಾಲಿಸದ ಕಂಪನಿಯ ಪರವಾನಗಿಯನ್ನು ಪೂರ್ತಿಯಾಗಿಯೋ ಭಾಗಶಃವೋ ರದ್ದುಗೊಳಿಸುವ ಅಧಿಕಾರವನ್ನು 209ನೇ ಸೆಕ್ಷನ್ ಇಲಾಖೆಗೆ ಕೊಟ್ಟಿದೆ. ಕೆಲಸ ನಿಂತಿರುವುದು ಕಂಡ ದಿನ, ನಿಮ್ಮ ಹಳೆಯ ಆಕ್ಷೇಪಣೆಯ ಪ್ರತಿಯನ್ನು ಲಗತ್ತಿಸಿ, ಆ ಅಧಿಕಾರವನ್ನು ಬಳಸಿ ಎಂದು ಅದೇ ಕಚೇರಿಗೆ ಪತ್ರ ಬರೆಯಿರಿ.